ರುಪುನುನಿಯಲ್ಲಿ ದನ ಯಾರದು, ನೆಲ ಯಾರದು?

ಲೇಥಮ್ ಅನ್ನುವುದು ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ, ರುಪುನುನಿ ಎಂಬ ಹುಲ್ಲುಗಾವಲು ಸೀಮೆಯ ಒಂದು ಗಡಿ ಊರು. ಊರಿನ ಪಕ್ಕದಲ್ಲೇ ತಕುಟು ನದಿ. ಆಚೆ ದಡ ಬ್ರೆಜಿಲ್. 2009ರಲ್ಲಿ ನದಿಗೆ ಸೇತುವೆ ಆಯಿತು. ಗಯಾನಾದಲ್ಲಿ ನಮ್ಮ ಹಾಗೆ ರಸ್ತೆಯ ಎಡಕ್ಕೆ ಗಾಡಿ ಓಡಿಸುತ್ತಾರೆ, ಬ್ರೆಜಿಲ್‌ನಲ್ಲಿ ಬಲಕ್ಕೆ. ಹಾಗಾಗಿ ಸೇತುವೆಯ ಗಯಾನಾ ತುದಿಯಲ್ಲಿ ಒಂದು ಹಾದಿ ಇನ್ನೊಂದರ ಅಡಿಯಲ್ಲಿ ನುಸುಳಿ ಬದಿ ಬದಲಾಯಿಸುತ್ತದೆ. ಚಾಲಕರು ಗೊತ್ತಿಲ್ಲದ ಹಾಗೆ ಎಡದಿಂದ ಬಲಕ್ಕೆ ಬಂದಿರುತ್ತಾರೆ. ಎರಡೂ ದಡದಲ್ಲಿ ಇರುವವರು ಮಾತ್ರ ಅದೇ ಮಕುಶಿ ಮತ್ತು ವಾಪಿಶಾನ ಎಂಬ ಮೂಲನಿವಾಸಿ ಜನ. ಅಕ್ಕನ ಮನೆ ಒಂದು ದೇಶದಲ್ಲಿ, ತಂಗಿಯ ಮನೆ ಇನ್ನೊಂದರಲ್ಲಿ.

ಇದಕ್ಕೆ ಮೂರನೆಯ ದೇಶವೂ ಸೇರಿಕೊಂಡಿದೆ. 2023ರ ಡಿಸೆಂಬರ್ 3ರಂದು ವೆನೆಜುವೆಲಾ ಒಂದು ಜನಮತಗಣನೆ ನಡೆಸಿತು. ಎಸೆಕಿಬೊ ನದಿಯ ಪಶ್ಚಿಮಕ್ಕಿರುವ ನೆಲವೆಲ್ಲ ನಮ್ಮದು, ಅದನ್ನು ನಮ್ಮ ರಾಜ್ಯ ಮಾಡಿಕೊಳ್ಳೋಣವೇ ಅನ್ನುವುದು ಪ್ರಶ್ನೆ. ಅದು ಸುಮಾರು 1,60,000 ಚದರ ಕಿ.ಮೀ., ಗಯಾನಾದ ಮೂರನೇ ಎರಡು ಭಾಗ. ರುಪುನುನಿಯ ಬಹುಪಾಲು ಅದರೊಳಗೇ ಬರುತ್ತದೆ. 2015ರಲ್ಲಿ ಗಯಾನಾದ ಕಡಲಿನಲ್ಲಿ ಎಣ್ಣೆ ಸಿಕ್ಕಿದ ಮೇಲೆ ಈ ಹಳೇ ಜಗಳಕ್ಕೆ ಹೊಸ ಬಿಸಿ ಬಂದಿದೆ. ಸುದ್ದಿಯಲ್ಲಿ ಎಣ್ಣೆ, ಸೇನೆ, ನ್ಯಾಯಾಲಯ ಎಲ್ಲ ಬರುತ್ತದೆ. ಅಲ್ಲಿ ಇರುವವರು ಯಾರು, ಅವರು ಏನು ಕೇಳುತ್ತಿದ್ದಾರೆ ಅನ್ನುವುದು ಮಾತ್ರ ಕೊನೆಯ ಪ್ಯಾರಾದಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಗಯಾನಾ ಅಂದ ಕೂಡಲೇ ನಮಗೆ ಕ್ರಿಕೆಟ್ ನೆನಪಾಗುತ್ತದೆ, ಕಬ್ಬಿನ ತೋಟಕ್ಕೆ ಕರಾರು ಕೂಲಿಗಳಾಗಿ ಹೋದ ಗಿರಮಿಟಿಯಾಗಳು ನೆನಪಾಗುತ್ತಾರೆ. ಅದೆಲ್ಲ ಕರಾವಳಿಯ ಕತೆ. ರುಪುನುನಿ ಇರುವುದು ಅಲ್ಲಿಂದ ಐನೂರು ಕಿ.ಮೀ. ಒಳಗೆ, ದಟ್ಟ ಕಾಡು ದಾಟಿದ ಮೇಲೆ. ಅಲ್ಲಿ ಕಾಡು ಥಟ್ಟನೆ ಮುಗಿದು ಹುಲ್ಲುಗಾವಲು ಶುರುವಾಗುತ್ತದೆ. ನಡುವೆ ಕನುಕು ಬೆಟ್ಟಸಾಲು. ಅದರ ಉತ್ತರಕ್ಕೆ ಮಕುಶಿಗಳು ಜಾಸ್ತಿ, ದಕ್ಷಿಣಕ್ಕೆ ವಾಪಿಶಾನರು. ಮಳೆಗಾಲದಲ್ಲಿ ಬಯಲೆಲ್ಲ ನೀರು ತುಂಬಿ ಅಮೆಜಾನ್ ಕಡೆಯ ನೀರೂ ಎಸೆಕಿಬೊ ಕಡೆಯ ನೀರೂ ಒಂದಾಗಿಬಿಡುತ್ತವೆ. 1595ರಲ್ಲಿ ವಾಲ್ಟರ್ ರಾಲಿ ಚಿನ್ನದ ನಗರ ಹುಡುಕಿಕೊಂಡು ಬಂದಾಗ ಕೇಳಿದ ದೊಡ್ಡ ಸರೋವರದ ಕತೆ ಈ ನೆರೆಯಿಂದಲೇ ಹುಟ್ಟಿರಬೇಕು ಎಂದು ಆಮೇಲಿನವರು ಊಹಿಸಿದರು. ಚಿನ್ನದ ನಗರ ಸಿಗಲಿಲ್ಲ. ಮುಂದಿನ ಇನ್ನೂರು ವರ್ಷ ಹೊರಗಿನವರಿಗೆ ಇಲ್ಲಿ ಬೇಕಾಗಿದ್ದು ಎರಡೇ: ಬಾಣದ ತುದಿಗೆ ಹಚ್ಚಲು ಮಕುಶಿಗಳು ತಯಾರಿಸುತ್ತಿದ್ದ ಕುರಾರೆ ವಿಷ, ಮತ್ತು ಹಿಡಿದು ಮಾರಲು ಮನುಷ್ಯರು.

ಗಡಿ ಎಳೆಯುವ ಕೆಲಸ ಶುರುವಾಗಿದ್ದು ಒಂದು ಪ್ರಾರ್ಥನಾ ಗುಡಿಸಲಿನಿಂದ. 1838ರಲ್ಲಿ ಥಾಮಸ್ ಯೂಡ್ ಎಂಬ ಆಂಗ್ಲಿಕನ್ ಪಾದ್ರಿ ಪಿರಾರಾ ಎಂಬ ಮಕುಶಿ ಊರಿನಲ್ಲಿ ಮಿಷನ್ ಕಟ್ಟಿದರು. ಇದು ನಮ್ಮ ನೆಲ ಎಂದು ಬ್ರೆಜಿಲ್ ಸೈನಿಕರನ್ನು ಕಳಿಸಿತು. ಪಾದ್ರಿ ಜಾಗ ಬಿಟ್ಟರು. 1842ರಲ್ಲಿ ಬ್ರಿಟಿಷ್ ಸೈನಿಕರು ಬಂದರು, ಅವರೂ ವಾಪಸು ಹೋದರು. ಸದ್ಯಕ್ಕೆ ಇದು ಯಾರದ್ದೂ ಅಲ್ಲ ಎಂದು ಇಬ್ಬರೂ ಒಪ್ಪಿಕೊಂಡರು. ಊರಿನಲ್ಲಿ ಜನ ವಾಸವಾಗಿದ್ದಾಗಲೇ ಅದು ಯಾರದ್ದೂ ಅಲ್ಲದ ಜಾಗವಾಯಿತು. ಕೊನೆಗೆ 1904ರಲ್ಲಿ ಇಟಲಿಯ ರಾಜ ಮೂರನೇ ವಿಕ್ಟರ್ ಇಮ್ಯಾನುಯೆಲ್ ಪಂಚಾಯಿತಿ ಮಾಡಿ, ಇರೆಂಗ್ ಮತ್ತು ತಕುಟು ನದಿಗಳೇ ಗಡಿ ಎಂದರು. ವೆನೆಜುವೆಲಾ ಕಡೆಯ ಗೆರೆ ಅದಕ್ಕೂ ಮೊದಲೇ, 1899ರಲ್ಲಿ ಪ್ಯಾರಿಸ್‌ನಲ್ಲಿ ಬಿದ್ದಿತ್ತು. ಆ ಪಂಚಾಯಿತಿಯಲ್ಲಿ ಕುಳಿತವರು ಇಬ್ಬರು ಬ್ರಿಟಿಷರು, ಇಬ್ಬರು ಅಮೆರಿಕನ್ನರು, ಒಬ್ಬ ರಷ್ಯನ್. ವೆನೆಜುವೆಲಾದವರು ಒಬ್ಬರೂ ಇರಲಿಲ್ಲ. ಆ ದೇಶದ ದೂರಿನ ಬೇರು ಅಲ್ಲಿದೆ. ಮಕುಶಿ, ವಾಪಿಶಾನರಂತೂ ಎರಡು ಪಂಚಾಯಿತಿಯಲ್ಲೂ ಇರಲಿಲ್ಲ. ಅದನ್ನು ದೂರು ಎಂದು ಯಾರೂ ದಾಖಲಿಸಲಿಲ್ಲ.

ಗೆರೆಗಿಂತ ಮೊದಲೇ ಬಂದಿದ್ದು ದನ. 18ನೇ ಶತಮಾನದ ಕೊನೆಯಲ್ಲಿ ಪೋರ್ಚುಗೀಸ್ ಅಧಿಕಾರಿಗಳು ರಿಯೊ ಬ್ರಾಂಕೊ ನದಿಯ ಬಯಲಿಗೆ, ಅಂದರೆ ಈಗಿನ ಬ್ರೆಜಿಲ್‌ನ ರೊರೈಮಾ ರಾಜ್ಯಕ್ಕೆ, ದನ ತಂದು ಬಿಟ್ಟರು. ಬೇಲಿ ಇಲ್ಲದ ಬಯಲು. ದನ ಮೇಯುತ್ತಾ ಹೋದಷ್ಟು ದೂರ ದನದವನ ಜಾಗ. ನಮ್ಮಲ್ಲಿ ಗೋಮಾಳ ಊರಿನದು, ಅದರಲ್ಲಿ ಮೇಯುವ ದನ ಅವರವರದು. ಇಲ್ಲಿ ತಿರುವುಮುರುವು: ದನ ಒಬ್ಬನದು ಅಂತಾದ ಮೇಲೆ ಬಯಲೂ ಅವನದೇ. ಕೂಲಿಗೆ ಸಿಕ್ಕವರು ಅಲ್ಲಿನ ಜನವೇ. ಹುಟ್ಟಿದ ನಾಲ್ಕು ಕರುಗಳಲ್ಲಿ ಒಂದು ದನಗಾಹಿಗೆ ಅನ್ನುವ ಲೆಕ್ಕ ಇತ್ತು. ಆ ಲೆಕ್ಕದಲ್ಲಿ ಹಲವು ಗುಮಾಸ್ತರು ನಿಧಾನವಾಗಿ ಸಾಹುಕಾರರಾದರು. ಮೂಲನಿವಾಸಿ ಮಕ್ಕಳನ್ನು ಸಾಕುತ್ತೇವೆ ಎಂದು ರಾಂಚ್, ಅಂದರೆ ದನ ಸಾಕುವ ದೊಡ್ಡ ಎಸ್ಟೇಟ್, ಅದರ ಮನೆಗಳಿಗೆ ಕರೆದೊಯ್ದರು. ಅವರು ಬೆಳೆದಿದ್ದು ಮನೆಗೆಲಸದವರಾಗಿ.

ಬ್ರಿಟಿಷ್ ದಡದ ಕತೆ ಒಬ್ಬ ಮನುಷ್ಯನಿಂದ ಶುರುವಾಗುತ್ತದೆ. ಎಚ್.ಪಿ.ಸಿ. ಮೆಲ್ವಿಲ್ ಚಿನ್ನ ಹುಡುಕಲು ಹೋಗಿ, ಮಲೇರಿಯಾ ಹಿಡಿದು, ಸಾಯುವ ಹಾಗಾಗಿದ್ದಾಗ ವಾಪಿಶಾನರು ಅವನನ್ನು ಬಯಲಿಗೆ ಕರೆತಂದು ಉಳಿಸಿದರು ಎಂದು ಹೇಳುತ್ತಾರೆ. 1890ರ ದಶಕದ ಮಾತು. ಅವನು ಅಲ್ಲೇ ಉಳಿದ. ಅಲ್ಲಿನ ಇಬ್ಬರು ಅಕ್ಕತಂಗಿಯರನ್ನು ಅವರ ಪದ್ಧತಿಯಂತೆ ಮದುವೆಯಾದ. ಹತ್ತು ಮಕ್ಕಳಾದವು. ದಡನಾವ ಎಂಬಲ್ಲಿ ದನ ಕಟ್ಟಿದ. ಸರ್ಕಾರ ಅವನನ್ನೇ ಮ್ಯಾಜಿಸ್ಟ್ರೇಟ್ ಮಾಡಿತು, ಮೂಲನಿವಾಸಿಗಳ ರಕ್ಷಕ ಎಂಬ ಹುದ್ದೆಯನ್ನೂ ಕೊಟ್ಟಿತು. ಊರಿನ ಅಳಿಯ, ದನದ ಒಡೆಯ, ನ್ಯಾಯ ಹೇಳುವವನು ಎಲ್ಲ ಒಬ್ಬನೇ! ಅವನು ಕೆಟ್ಟವನು ಎಂದು ಯಾರೂ ಹೇಳುವುದಿಲ್ಲ. ಜನರ ಮಾತು ಕಲಿತಿದ್ದ, ಜಗಳ ಬಿಡಿಸುತ್ತಿದ್ದ. ಆದರೆ ದನ ಹೊಲಕ್ಕೆ ನುಗ್ಗಿ ಮರಗೆಣಸು ತಿಂದಿತು ಎಂದು ಯಾರಾದರೂ ದೂರು ಕೊಡಬೇಕಾದರೆ ಆ ದನದ ಒಡೆಯನ ಹತ್ತಿರವೇ ಹೋಗಬೇಕಿತ್ತು, ಅಲ್ವಾ?

1919ರಲ್ಲಿ ರುಪುನುನಿ ಡೆವಲಪ್‌ಮೆಂಟ್ ಕಂಪನಿ ಹುಟ್ಟಿತು, ದಡನಾವ ಅದರ ಕೈಸೇರಿತು. 1920ರ ದಶಕದಲ್ಲಿ ಮೆಲ್ವಿಲ್ ಸ್ಕಾಟ್ಲೆಂಡಿಗೆ ಹೊರಟುಹೋದ. ಹೆಂಡಿರು, ಮಕ್ಕಳು ಇಲ್ಲೇ ಉಳಿದರು. ಮೆಲ್ವಿಲ್ ಮಗಳೊಬ್ಬಳನ್ನು ಬೆನ್ ಹಾರ್ಟ್ ಎಂಬ ಅಮೆರಿಕನ್ ಮದುವೆಯಾಗಿ ಪಿರಾರಾದಲ್ಲಿ ರಾಂಚ್ ಕಟ್ಟಿದ. ಹೌದು, ಅದೇ ಪಿರಾರಾ. ಮುಂದಿನ ಹಲವು ದಶಕ ಬಯಲಿನ ಕತೆ ಅಂದರೆ ಮುಖ್ಯವಾಗಿ ಈ ಎರಡು ಕುಟುಂಬ ಮತ್ತು ಒಂದು ಕಂಪನಿಯ ಕತೆ.

ದನ ಮಾರುವುದು ದೊಡ್ಡ ತಲೆನೋವು. ಕೊಳ್ಳುವವರು ಕರಾವಳಿಯಲ್ಲಿ, ನಡುವೆ ಕಾಡು. ಅದಕ್ಕೆ ಕಾಡು ಕಡಿದು ಬರ್ಬೀಸ್ ನದಿಯ ತಕಾಮಾವರೆಗೆ ದನದ ದಾರಿ ಮಾಡಿದರು. ಸುಮಾರು 180 ಮೈಲಿ. ದನದ ಹಿಂದೆ ಹೋಗುತ್ತಿದ್ದವರು ವಕೇರೊಗಳು. ಇದು ಸ್ಪ್ಯಾನಿಷ್, ಪೋರ್ಚುಗೀಸ್ ಕಡೆಯಿಂದ ಬಂದ ಪದ, ದನಗಾಹಿ ಅಂತ ಅರ್ಥ. ಆ ವಕೇರೊಗಳಲ್ಲಿ ಹೆಚ್ಚಿನವರು ಮಕುಶಿ, ವಾಪಿಶಾನ ಹುಡುಗರು. ಉಪ್ಪು ಹಾಕಿ ಒಣಗಿಸಿದ ಮಾಂಸ, ಅದಕ್ಕೆ ಅಲ್ಲಿ ಟಾಸೊ ಅನ್ನುತ್ತಾರೆ, ಜೊತೆಗೆ ಮರಗೆಣಸಿನ ಹುರಿದ ತರಿ. ಇಷ್ಟೇ ಬುತ್ತಿ. ಕಾಡಿನಲ್ಲಿ ಹುಲ್ಲಿಲ್ಲ, ಜಾಗ್ವಾರ್ ಕಾಟ ಬೇರೆ. ಹೊರಟ ದನವೆಲ್ಲ ತಲುಪುತ್ತಿರಲಿಲ್ಲ, ತಲುಪಿದ್ದು ಸೊರಗಿರುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಲೇಥಮ್‌ನಲ್ಲಿ ಕಸಾಯಿಖಾನೆ ಕಟ್ಟಿ, ಡಕೋಟಾ ವಿಮಾನದಲ್ಲಿ ಮಾಂಸ ಕಳಿಸಲು ಶುರು ಮಾಡಿದ ಮೇಲೆ ದಾರಿಯನ್ನು ಕಾಡು ತಿರುಗಿ ನುಂಗಿತು.

ಪಾದ್ರಿಗಳೂ ಇದೇ ಹೊತ್ತಿಗೆ ಬಲವಾಗಿ ಬಂದರು. ಕತ್ಬರ್ಟ್ ಕ್ಯಾರಿ-ಎಲ್ವಿಸ್ ಎಂಬ ಇಂಗ್ಲಿಷ್ ಜೆಸ್ಯೂಟ್ 1909ರಲ್ಲಿ ಬಂದು, ತಕುಟು ಹತ್ತಿರ ಸೇಂಟ್ ಇಗ್ನೇಷಿಯಸ್ ಮಿಷನ್ ಕಟ್ಟಿದರು. 1923ರವರೆಗೆ ಹಳ್ಳಿಯಿಂದ ಹಳ್ಳಿಗೆ ತಿರುಗಿದರು, ಭಾಷೆಗಳನ್ನು ಕಲಿತರು. ಮೊದಲು ಚದುರಿದಂತೆ ಇದ್ದ ಮನೆಗಳು ಚರ್ಚು ಮತ್ತು ಶಾಲೆಯ ಸುತ್ತ ಊರಾಗಿ ಕೂಡಿಕೊಂಡವು. ಅದರಿಂದ ಅನುಕೂಲವೂ ಆಯಿತು, ಓದು ಬಂತು, ಔಷಧಿ ಬಂತು. ಆದರೆ ಜನ ಒಂದು ಕಡೆ ಕೂಡಿಕೊಂಡ ಮೇಲೆ ಉಳಿದ ಬಯಲು ಖಾಲಿ ಇರುವಂತೆ ಕಾಣತೊಡಗಿತು. ಶಾಲೆಯಲ್ಲಿ ಇಂಗ್ಲಿಷ್ ಮಾತ್ರ. ಇತ್ತೀಚೆಗೆ ಅದೇ ಜೆಸ್ಯೂಟರ ನೆರವಿನಿಂದ ದಕ್ಷಿಣ ರುಪುನುನಿಯ ಕೆಲವು ಶಾಲೆಗಳಲ್ಲಿ ಚಿಕ್ಕ ಮಕ್ಕಳು ವಾಪಿಶಾನ ಭಾಷೆಯಲ್ಲೇ ಅಕ್ಷರ ಕಲಿಯುತ್ತಿದ್ದಾರೆ.

1966ರ ಮೇ 26ರಂದು ಗಯಾನಾ ಸ್ವತಂತ್ರವಾಯಿತು. ಅದಕ್ಕೆ ಮೂರು ತಿಂಗಳ ಮೊದಲು, ವೆನೆಜುವೆಲಾದ ತಕರಾರನ್ನು ಮಾತುಕತೆಯಲ್ಲಿ ಬಗೆಹರಿಸಬೇಕು ಎಂದು ಜಿನೀವಾದಲ್ಲಿ ಒಪ್ಪಂದವಾಗಿತ್ತು. ಅದೇ ಅಕ್ಟೋಬರಿನಲ್ಲಿ ವೆನೆಜುವೆಲಾ ಅಂಕೋಕೊ ಎಂಬ ನದಿ ದ್ವೀಪವನ್ನು ಹಿಡಿದುಕೊಂಡಿತು. ಬ್ರಿಟಿಷರು ಹೋಗುವಾಗ ಮೂಲನಿವಾಸಿಗಳಿಗೆ ಅವರ ನೆಲದ ಹಕ್ಕು ಕೊಡಬೇಕು ಅನ್ನುವ ಷರತ್ತೂ ಇತ್ತು. ಅದಕ್ಕಾಗಿ 1967ರಲ್ಲಿ ಒಂದು ಆಯೋಗ ಊರೂರು ತಿರುಗಿತು. ವಾಪಿಶಾನ ಮುಖಂಡರು ಊರಿಗೊಂದು ತುಂಡು ಬೇಡ, ಎಲ್ಲರ ನೆಲಕ್ಕೂ ಸೇರಿಸಿ ಒಂದೇ ಹಕ್ಕುಪತ್ರ ಕೊಡಿ ಎಂದು ಕೇಳಿದರು.

ಆಗ ರಾಂಚಿನವರಿಗೆ ಹೆದರಿಕೆ ಶುರುವಾಯಿತು. ಅವರಲ್ಲಿ ಬಹುತೇಕರ ಕೈಯಲ್ಲಿ ಇದ್ದದ್ದು ವರ್ಷ ವರ್ಷ ನವೀಕರಿಸಬೇಕಾದ ಮೇವಿನ ಪರವಾನಗಿ ಮಾತ್ರ. ಮೂರು ತಲೆಮಾರು ಕಳೆದಿದ್ದರೂ ಹಕ್ಕುಪತ್ರ ಇಲ್ಲ. 1968ರ ಡಿಸೆಂಬರ್ ಚುನಾವಣೆಯಲ್ಲಿ ಅವರು ಬೆಂಬಲಿಸಿದ ಪಕ್ಷ ಸೋತಿತು, ಪ್ರಧಾನಿ ಫೋರ್ಬ್ಸ್ ಬರ್ನಮ್ ಮತ್ತೆ ಗೆದ್ದರು. ಚುನಾವಣೆಯಲ್ಲಿ ಅಕ್ರಮ ನಡೆದಿದೆ ಅನ್ನುವ ದೂರು ದೇಶದ ತುಂಬ ಇತ್ತು. ಬಯಲಿನಲ್ಲಿ ಇನ್ನೊಂದು ಮಾತೂ ಹಬ್ಬಿತು: ನಿಮ್ಮ ನೆಲ ಕಿತ್ತು ಕರಾವಳಿಯವರಿಗೆ ಕೊಡುತ್ತಾರೆ.

1969ರ ಜನವರಿ 2ರ ಬೆಳಿಗ್ಗೆ ಬಂದೂಕು, ಬಜೂಕಾ ಹಿಡಿದ ಗುಂಪು ಲೇಥಮ್ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿತು. ಐವರು ಪೊಲೀಸರು ಸತ್ತರು. ಊರಿನಲ್ಲಿದ್ದ ಸರ್ಕಾರಿ ನೌಕರರನ್ನು ಕಸಾಯಿಖಾನೆಯಲ್ಲಿ ಕೂಡಿಹಾಕಿದರು. ವಿಮಾನ ಇಳಿಯದಂತೆ ರನ್‌ವೇಗಳಿಗೆ ಅಡ್ಡ ಹಾಕಿದರು. ಆದರೆ ಹತ್ತಿರದ ಮನಾರಿಯ ರನ್‌ವೇ ಮಾತ್ರ ಬಿಟ್ಟುಹೋಯಿತು. ಗಯಾನಾದ ಸೇನೆ ಬಂದು ಇಳಿದಿದ್ದು ಅಲ್ಲೇ. ಎರಡು ಮೂರು ದಿನದಲ್ಲಿ ಎಲ್ಲ ಮುಗಿಯಿತು. ಮುಂದಾಳುಗಳು ಬ್ರೆಜಿಲ್‌ಗೆ, ವೆನೆಜುವೆಲಾಕ್ಕೆ ಓಡಿದರು. ಹಾರ್ಟ್ ಕುಟುಂಬದ ಸೊಸೆ ವ್ಯಾಲೆರಿ ಹಾರ್ಟ್ ವೆನೆಜುವೆಲಾದಲ್ಲಿ ಕುಳಿತು ಬಹಿರಂಗವಾಗಿ ಸಹಾಯ ಕೇಳಿದರು, ಸೇನೆ ಬರಲಿಲ್ಲ. ತರಬೇತಿ, ಆಯುಧ ಎಲ್ಲ ವೆನೆಜುವೆಲಾದ್ದೇ ಎಂದು ಗಯಾನಾ ಹೇಳಿತು, ಆ ದೇಶ ಇಲ್ಲ ಎಂದಿತು.

ಇದನ್ನು ಕೆಲವರು ಮೂಲನಿವಾಸಿಗಳ ದಂಗೆ ಅನ್ನುತ್ತಾರೆ, ಕೆಲವರು ರಾಂಚರ್‌ಗಳ ದಂಗೆ ಅನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ದಂಗೆಯ ತಲೆಯಲ್ಲಿದ್ದವರು ರಾಂಚಿನವರು. ಆದರೆ ಅವರ ಅಜ್ಜಿಯರು ವಾಪಿಶಾನರೇ. ಬಂದೂಕು ಹಿಡಿದವರಲ್ಲಿ ಅವರ ಹತ್ತಿರ ಕೆಲಸಕ್ಕಿದ್ದ ವಕೇರೊಗಳಿದ್ದರು. ಧಣಿ ಕರೆದ, ಹೋದರು. ಓಡಿಹೋಗಲು ವಿಮಾನ ಇದ್ದವರು ಓಡಿಹೋದರು. ಸೇನೆ ಬಂದಾಗ ಹಳ್ಳಿಯಲ್ಲಿ ಸಿಕ್ಕವರು ಹಳ್ಳಿಯವರು. ಎಷ್ಟು ಜನ ಸತ್ತರು ಅನ್ನುವುದರ ಬಗ್ಗೆ ಇವತ್ತಿಗೂ ಎರಡು ಕಡೆಯವರ ಲೆಕ್ಕ ಕೂಡುವುದಿಲ್ಲ. ಮೂಲನಿವಾಸಿಗಳು ದೇಶಕ್ಕೆ ನಿಷ್ಠರಲ್ಲ ಅನ್ನುವ ಅನುಮಾನ ಮಾತ್ರ ಅವರಿಗೆ ಅಂಟಿಕೊಂಡಿತು. 1976ರಲ್ಲಿ ಹಕ್ಕುಪತ್ರ ಬಂತು, ಒಟ್ಟಿಗೆ ಅಲ್ಲ, ಊರಿಗೊಂದು ತುಂಡು.

ಬ್ರೆಜಿಲ್ ದಡದಲ್ಲಿ ಅದೇ ಹೊತ್ತಿಗೆ ಬೇರೆಯೇ ಏನೋ ನಡೆಯುತ್ತಿತ್ತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಜಾಣ ಕೆಲಸ ಅದು. ಅಲ್ಲಿನ ಕೊನ್ಸೊಲಾಟಾ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಮೊದಲೆಲ್ಲ ರಾಂಚ್ ಮನೆಗಳಲ್ಲೇ ಇಳಿದುಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಬದಿ ಬದಲಾಯಿಸಿದರು. 1977ರಲ್ಲಿ ಊರ ಮುಖಂಡರು ಸೇರಿ ಹೆಂಡ ಬಿಡುವ ನಿರ್ಧಾರ ಮಾಡಿದರು. ಸಾಲ, ಹೆಂಡ, ಕೂಲಿ ಮೂರೂ ಒಂದೇ ಹಗ್ಗದ ಎಳೆ ಅನ್ನುವುದು ಅವರಿಗೆ ಗೊತ್ತಿತ್ತು. 1980ರಲ್ಲಿ ಮತುರುಕಾ ಎಂಬ ಹಳ್ಳಿಗೆ ಪಾದ್ರಿಗಳ ಕಡೆಯಿಂದ 52 ರಾಸು ಬಂತು: 50 ಹಸು, 2 ಹೋರಿ. ದಾನವಲ್ಲ. ಐದು ವರ್ಷ ಸಾಕಬೇಕು, ಆಮೇಲೆ ಅಷ್ಟೇ ರಾಸುಗಳನ್ನು ಇನ್ನೊಂದು ಹಳ್ಳಿಗೆ ದಾಟಿಸಬೇಕು. ಹುಟ್ಟಿದ ಕರುಗಳು ಸಾಕಿದ ಹಳ್ಳಿಗೆ. ನಮ್ಮ ಕಡೆ ಹಸುವನ್ನು ವಾರಕ್ಕೆ, ಅಂದರೆ ಪಾಲಿಗೆ, ಕೊಟ್ಟ ಹಾಗೇ, ಆದರೆ ಇಲ್ಲಿ ವಾರ ಹೋಗುವುದು ಧಣಿಗಲ್ಲ, ಪಕ್ಕದ ಊರಿಗೆ. ದನ ಮೇಯುವ ನೆಲ ದನದವನದು ಅನ್ನುವ ಇನ್ನೂರು ವರ್ಷದ ನಿಯಮ ಇತ್ತಲ್ಲ, ಅದನ್ನೇ ಹಿಡಿದು ಅವರು ನೆಲದ ಮೇಲೆ ವಾಪಸು ಬಂದರು.

ಅದರ ಮುಂದಿನದು ಕೋರ್ಟು ಕತೆ. ರಪೋಸಾ ಸೆರಾ ದೊ ಸೋಲ್ ಎಂಬ ಸುಮಾರು 17 ಲಕ್ಷ ಹೆಕ್ಟೇರ್ ನೆಲವನ್ನು 2005ರಲ್ಲಿ ಅಧ್ಯಕ್ಷ ಲೂಲಾ ಮೂಲನಿವಾಸಿಗಳದ್ದೆಂದು ಅಂತಿಮಗೊಳಿಸಿದರು. ಆ ವರ್ಷವೇ ಅಲ್ಲಿನ ಸುರುಮು ಎಂಬ ಊರಿನ ಮಿಷನ್ ಶಾಲೆಗೆ ಬೆಂಕಿ ಬಿತ್ತು. ಅಲ್ಲಿ ಭತ್ತ ಬೆಳೆಯುತ್ತಿದ್ದ ದೊಡ್ಡ ಜಮೀನುದಾರರು ಜಾಗ ಬಿಡಲಿಲ್ಲ. 2008ರಲ್ಲಿ ಜೊಯೆನಿಯಾ ವಾಪಿಶಾನ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದರು. ಬ್ರೆಜಿಲ್‌ನ ಆ ಕೋರ್ಟಿನಲ್ಲಿ ವಾದಿಸಿದ ಮೊದಲ ಮೂಲನಿವಾಸಿ ವಕೀಲೆ ಅವರು. 2009ರ ಮಾರ್ಚಿನಲ್ಲಿ ಅವರ ಕಡೆ ಗೆದ್ದಿತು, ಭತ್ತದವರು ಹೊರಟರು. ಆದರೆ ತೀರ್ಪಿನ ಒಳಗೇ ಒಂದು ಮುಳ್ಳಿತ್ತು: 1988ರ ಅಕ್ಟೋಬರ್ 5ರಂದು, ಅಂದರೆ ಸಂವಿಧಾನ ಜಾರಿಗೆ ಬಂದ ದಿನ, ಯಾರು ಎಲ್ಲಿದ್ದರೋ ಅದೇ ಅವರ ನೆಲ ಅನ್ನುವ ವಾದ. ಅದಕ್ಕೂ ಮೊದಲೇ ಓಡಿಸಲ್ಪಟ್ಟವರ ಗತಿ? 2023ರ ಸೆಪ್ಟೆಂಬರಿನಲ್ಲಿ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಡಿಸೆಂಬರಿನಲ್ಲಿ ಸಂಸತ್ತು ಅದನ್ನೇ ಕಾನೂನು ಮಾಡಿತು.

ಅದೇ ಡಿಸೆಂಬರಿನಲ್ಲಿ ವೆನೆಜುವೆಲಾದ ಜನಮತಗಣನೆ. ವೆನೆಜುವೆಲಾದಿಂದ ಗಯಾನಾಕ್ಕೆ ರಸ್ತೆಯಲ್ಲಿ ಸೇನೆ ಬರಬೇಕಾದರೆ ರೊರೈಮಾ ಮೂಲಕವೇ ಬರಬೇಕು. ಹಾಗಾಗಿ ಬ್ರೆಜಿಲ್ ತನ್ನ ಸೈನಿಕರನ್ನು ಅಲ್ಲಿಗೆ ಕಳಿಸಿತು. 2018ರಲ್ಲೇ ಗಯಾನಾ ಪ್ರಕರಣವನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತ್ತು. ಅಲ್ಲಿ ವಾದ ನಡೆಯುವುದು 1899ರ ಗೆರೆಯ ಬಗ್ಗೆ.

ದಕ್ಷಿಣ ರುಪುನುನಿಯ ವಾಪಿಶಾನರು ಈ ನಡುವೆ ತಮ್ಮದೇ ನಕ್ಷೆ ಮಾಡಿಕೊಂಡಿದ್ದಾರೆ. ಊರಿನ ಯುವಕರು ಜಿಪಿಎಸ್ ಹಿಡಿದು, ಹಿರಿಯರನ್ನು ಕೇಳಿ ವರ್ಷಗಟ್ಟಲೆ ನಡೆದರು. ಗೆಣಸಿನ ಹೊಲ, ಮೀನಿನ ಮಡು, ಬೇಟೆಯ ಹಾದಿ, ಹೋಗಬಾರದ ಬೆಟ್ಟ ಎಲ್ಲ ಅದರಲ್ಲಿದೆ. ಒಟ್ಟು ಸುಮಾರು 28 ಲಕ್ಷ ಹೆಕ್ಟೇರ್, ಕೈಯಲ್ಲಿರುವ ಹಕ್ಕುಪತ್ರಗಳಿಗಿಂತ ಎಷ್ಟೋ ಜಾಸ್ತಿ. ಸರ್ಕಾರದ ಜೊತೆ ಮಾತುಕತೆಗೆ ಅದನ್ನೇ ಮುಂದಿಟ್ಟಿದ್ದಾರೆ. ಕೇಳುತ್ತಿರುವುದು 1967ರಲ್ಲಿ ಆಯೋಗದ ಎದುರು ಕೇಳಿದ್ದನ್ನೇ.