ಹಳೆಯ ಸೇನಾ ಗೇಜ್ ಮೂಲತಃ ಏನನ್ನು ಅಳೆಯುತ್ತಿತ್ತು ಎಂದು ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ್ದು ಎನ್ನಲಾದ ದುಂಡನೆಯ ಗೇಜ್ ಒಂದು ನನ್ನ ಬಳಿ ಇದೆ. ಕಪ್ಪು ಡಯಲ್‌ನ ಮೇಲೆ ಸೊನ್ನೆಯು ತುದಿಯಲ್ಲಿರದೆ ನಡುವೆಲ್ಲೋ ಇದೆ. ಅದರ ಒಂದು ಬದಿಗೆ ಅಂಕಿಗಳು 7ರವರೆಗೆ, ಇನ್ನೊಂದು ಬದಿಗೆ 24ರವರೆಗೆ ಹೋಗುತ್ತವೆ. ಹಿಂಬದಿಯಲ್ಲಿ ಕಿರೀಟದ ಮುದ್ರೆಯಿದೆ. ಮುಳ್ಳು ಸೊನ್ನೆಯ ಮೇಲೆ ನಿಲ್ಲುವುದಿಲ್ಲ. ಇದು ಯಾವ ಕೆಲಸಕ್ಕೆ ಬಳಕೆಯಾಗುತ್ತಿತ್ತು? ಇದು ಕೆಟ್ಟಿದೆಯೇ?

ಉತ್ತರ: ಇಂತಹ ವಸ್ತು ಕೈಗೆ ಬಂದಾಗ ಹೆಚ್ಚಿನವರು ಮೊದಲು ಮುದ್ರೆಯನ್ನು ಹುಡುಕುತ್ತಾರೆ. ಆದರೆ ಮುದ್ರೆಯು ವಸ್ತು ಯಾರದಾಗಿತ್ತು ಎಂಬುದನ್ನು ಹೇಳುತ್ತದೆಯೇ ಹೊರತು ಯಾವುದಕ್ಕಾಗಿ ಇತ್ತು ಎಂಬುದನ್ನಲ್ಲ. ಮೂರು ಗೆರೆಗಳ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಆಸ್ತಿಯ ಗುರುತು. ಅದು ಫಿರಂಗಿಯ ಮೇಲೂ ಇರುತ್ತಿತ್ತು, ಕೈಗಡಿಯಾರದ ಮೇಲೂ ಇರುತ್ತಿತ್ತು. ಅದೇ ಬಾಣವನ್ನು ‘ಸಿ’ ಅಕ್ಷರ ಸುತ್ತುವರಿದಿದ್ದರೆ ಅದು ಕೆನಡಾದ್ದು. ಕಿರೀಟದ ಜೊತೆಗೆ ‘ಎ’ ಮತ್ತು ‘ಎಂ’ ಅಕ್ಷರಗಳಿದ್ದರೆ, 1918ರಿಂದ 1964ರವರೆಗೆ ಇದ್ದ ಬ್ರಿಟನ್ನಿನ ಏರ್ ಮಿನಿಸ್ಟ್ರಿಯದು, ಅಂದರೆ ವಾಯುಪಡೆಯನ್ನು ನೋಡಿಕೊಳ್ಳುತ್ತಿದ್ದ ಸಚಿವಾಲಯದ್ದು. ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಉಗ್ರಾಣ ಸಂಖ್ಯೆ. ಬ್ರಿಟಿಷ್ ವಾಯುಪಡೆಯ ಸಂಖ್ಯೆಯು ‘6ಎ’ ಎಂದು ಆರಂಭವಾದರೆ ಅದು ವಿಮಾನದ ಉಪಕರಣ. ಯುದ್ಧಾನಂತರದ ವಸ್ತುಗಳ ಮೇಲೆ ಹದಿಮೂರು ಅಂಕಿಗಳ ನ್ಯಾಟೋ ಸಂಖ್ಯೆ ಇದ್ದರೆ, ಅದರ ಮೊದಲ ನಾಲ್ಕು ಅಂಕಿಗಳು ವಸ್ತುವಿನ ವರ್ಗವನ್ನು ಹೇಳುತ್ತವೆ: 6610 ಹಾರಾಟದ ಉಪಕರಣ, 6620 ಎಂಜಿನ್ ಉಪಕರಣ, 6685 ಒತ್ತಡ ಮತ್ತು ಉಷ್ಣತೆಯ ಮಾಪಕ.

ನಿಜವಾದ ಉತ್ತರ ಇರುವುದು ಡಯಲ್‌ನ ಮೇಲೆ, ಅದರಲ್ಲಿಯೂ ಸೊನ್ನೆಯ ಜಾಗದಲ್ಲಿ. ನೀವು ವಿವರಿಸಿದ ಅಂಕಿಗಳ ಪಕ್ಕದಲ್ಲಿ ಚದರ ಇಂಚಿಗೆ ಪೌಂಡ್ ಎಂಬ ಮಾನವೂ ಇದ್ದರೆ ಅದು ಬ್ರಿಟಿಷ್ ಯುದ್ಧವಿಮಾನದ ಬೂಸ್ಟ್ ಗೇಜ್ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಎತ್ತರಕ್ಕೆ ಏರಿದಂತೆ ಗಾಳಿ ವಿರಳವಾಗುವುದರಿಂದ, ಆ ಕಾಲದ ಎಂಜಿನ್‌ಗಳಿಗೆ ಸೂಪರ್‌ಚಾರ್ಜರ್ ಎಂಬ ಯಂತ್ರವು ಗಾಳಿಯನ್ನು ಒತ್ತಿ ತುಂಬುತ್ತಿತ್ತು. ಹಾಗೆ ಎಂಜಿನ್ನಿನೊಳಕ್ಕೆ ಹೋಗುವ ಗಾಳಿಯ ಒತ್ತಡವು ಸಮುದ್ರಮಟ್ಟದ ಪ್ರಮಾಣಿತ ಒತ್ತಡವಾದ 14.7 ಪೌಂಡ್‌ಗಿಂತ ಎಷ್ಟು ಹೆಚ್ಚಿದೆ ಅಥವಾ ಎಷ್ಟು ಕಡಿಮೆಯಿದೆ ಎಂಬುದನ್ನು ಬೂಸ್ಟ್ ಗೇಜ್ ತೋರಿಸುತ್ತಿತ್ತು. ಪೈಲಟ್ ಥ್ರಾಟಲ್ ಇಳಿಸಿದಾಗ ಮುಳ್ಳು ಸೊನ್ನೆಯಿಂದ ಕೆಳಕ್ಕೆ ಹೋಗಬೇಕಾದ್ದರಿಂದಲೇ ಸೊನ್ನೆ ತುದಿಯಲ್ಲಿರಲು ಸಾಧ್ಯವಿರಲಿಲ್ಲ.

ಇದೇ ಒತ್ತಡವನ್ನು ಅಮೆರಿಕನ್ನರು ಪಾದರಸದ ಇಂಚುಗಳಲ್ಲಿ ಅಳೆದರು; ಅವರ ಗೇಜ್ ಸಮುದ್ರಮಟ್ಟದಲ್ಲಿ ಎಂಜಿನ್ ನಿಂತಿದ್ದಾಗಲೂ ಸುಮಾರು 30 ತೋರಿಸುತ್ತದೆ. ಜರ್ಮನ್ನರು ‘ಎಟಿಎ’ ಎಂಬ ಮಾನ ಬಳಸಿದರು; ಒಂದು ಎಟಿಎ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ. ಅವರದು ನಿಂತಲ್ಲೇ ಹೆಚ್ಚುಕಡಿಮೆ 1 ತೋರಿಸುತ್ತದೆ. ಮೂರೂ ಗೇಜ್‌ಗಳ ಕೆಲಸ ಒಂದೇ, ಎಣಿಕೆಯ ಆರಂಭ ಮಾತ್ರ ಬೇರೆ.

ಇಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರವಿದೆ. ಸಾಧಾರಣ ಒತ್ತಡಮಾಪಕದಲ್ಲಿ, ಅಂದರೆ 1849ರಲ್ಲಿ ಯೂಜೀನ್ ಬೋರ್ಡಾನ್ ಫ್ರಾನ್ಸ್‌ನಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆಯ ಮಾದರಿಯಲ್ಲಿ, ಸುತ್ತಲಿನ ಗಾಳಿಯೇ ಸೊನ್ನೆ. ಅದನ್ನು ಬೆಟ್ಟದ ಮೇಲೆ ಇಟ್ಟರೂ ಸೊನ್ನೆಯನ್ನೇ ತೋರಿಸುತ್ತದೆ. ಬೂಸ್ಟ್ ಗೇಜ್‌ನೊಳಗಾದರೋ ಗಾಳಿ ತೆಗೆದು ಮುಚ್ಚಿದ ಲೋಹದ ಡಬ್ಬಿಯಿರುತ್ತದೆ, ಆದ್ದರಿಂದ ಅದು ಸುತ್ತಲಿನ ಗಾಳಿಯನ್ನೂ ತೂಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ ಮೇಜಿನ ಮೇಲೆ ಸುಮ್ಮನೆ ಇಟ್ಟಾಗ ಅದರ ಮುಳ್ಳು ಸೊನ್ನೆಗಿಂತ ಸುಮಾರು ಒಂದೂವರೆ ಪೌಂಡ್ ಕೆಳಗೆ ನಿಲ್ಲಬೇಕು. ಅಮೆರಿಕನ್ ಗೇಜ್ ಆದರೆ ಸುಮಾರು 27 ಇಂಚು ತೋರಿಸಬೇಕು. ಹೀಗೆ ನಿಂತಿದ್ದರೆ ಗೇಜ್ ಕೆಟ್ಟಿಲ್ಲ, ಎಂಟು ದಶಕಗಳ ನಂತರವೂ ತನ್ನ ಕೆಲಸವನ್ನು ಮಾಡುತ್ತಿದೆ. ನನ್ನ ಮಟ್ಟಿಗೆ, ಗುರುತಿಸುವಿಕೆಯಲ್ಲಿ ಯಾವ ಮುದ್ರೆಗಿಂತಲೂ ನಂಬಬಹುದಾದ ಸಾಕ್ಷಿ ಇದು.

ಸ್ಕೇಲ್‌ನ ಮೇಲಿನ ತುದಿಯಿಂದ ಕಾಲವನ್ನೂ ಊಹಿಸಬಹುದು. 87 ಆಕ್ಟೇನ್ (ಈ ಸಂಖ್ಯೆ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚಿನ ಒತ್ತಡ ತಾಳುತ್ತದೆ) ಪೆಟ್ರೋಲ್ ಬಳಸುತ್ತಿದ್ದ, ಸ್ಪಿಟ್‌ಫೈರ್‌ನಂತಹ ಬ್ರಿಟಿಷ್ ಯುದ್ಧವಿಮಾನಗಳ ಆರಂಭದ ಮರ್ಲಿನ್ ಎಂಜಿನ್‌ಗಳಿಗೆ 6¼ ಪೌಂಡ್ ಬೂಸ್ಟ್ ಮಿತಿಯಾಗಿತ್ತು. 1940ರ ಹೊತ್ತಿಗೆ 100 ಆಕ್ಟೇನ್ ಪೆಟ್ರೋಲ್ ಬಂದ ಮೇಲೆ ತುರ್ತು ಸಂದರ್ಭದಲ್ಲಿ 12 ಪೌಂಡ್‌ಗೆ ಅನುಮತಿ ದೊರೆಯಿತು, ಮುಂದಿನ ಮಾದರಿಗಳಲ್ಲಿ ಅದು 18ಕ್ಕೆ ಏರಿತು. ಆದ್ದರಿಂದ 24ರವರೆಗೆ ಅಂಕಿಗಳಿರುವ ನಿಮ್ಮ ಗೇಜ್ ಯುದ್ಧದ ಆರಂಭಕ್ಕಿಂತ ಅದರ ನಂತರದ ಭಾಗಕ್ಕೇ ಹೆಚ್ಚು ಹೊಂದುತ್ತದೆ. ಗಾಜಿನ ಮೇಲೆ ಬಣ್ಣದ ಗೆರೆಗಳಿದ್ದರೆ ಅವನ್ನು ಅಳಿಸಬೇಡಿ. ಕೆಂಪು ಗೆರೆಯು ಒಂದು ನಿರ್ದಿಷ್ಟ ಎಂಜಿನ್ನಿನ ಮಿತಿಯಾಗಿರುತ್ತದೆ. ಗಾಜಿನಿಂದ ಲೋಹದ ಚೌಕಟ್ಟಿನವರೆಗೆ ಎಳೆದ ಸಣ್ಣ ಬಿಳಿ ಗೆರೆಯು, ಗಾಜು ತಿರುಗಿ ಆ ಗುರುತುಗಳು ಜಾಗ ತಪ್ಪಿಲ್ಲ ಎಂದು ಖಚಿತಪಡಿಸಿಕೊಳ್ಳಲು ಹಾಕಿದ್ದು.

ಬೇರೆ ಗೇಜ್‌ಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ರಸಮಟ್ಟವಿರುವ ಉಪಕರಣದ ಮೇಲೆ ಪೂರ್ಣ ವೃತ್ತವನ್ನು 360ರ ಬದಲು 6400 ಭಾಗ ಮಾಡಿದ ಮಾನವಿದ್ದರೆ ಅದು ಫಿರಂಗಿಯ ಕೋನ ನೋಡುವಂಥದ್ದು. ಸೋವಿಯತ್ ಪದ್ಧತಿಯಲ್ಲಿ ಆ ಭಾಗಗಳು 6000.

ಎಲ್ಲ ಗೇಜ್‌ಗಳಿಗೂ ಮುಳ್ಳು ಇರುವುದಿಲ್ಲ ಎಂಬುದನ್ನು ಮರೆತು ದಾರಿ ತಪ್ಪಿದವರು ಅನೇಕರು. ‘ಫೈರ್’ ಮತ್ತು ‘ನೋ ಫೈರ್’ ಎಂದು ಬರೆದ ಎರಡು ಚಿಕ್ಕ ಉಕ್ಕಿನ ಪಟ್ಟಿಗಳು ಸಿಕ್ಕಾಗ ಅವನ್ನು ಅಗ್ನಿಶಾಮಕ ಉಪಕರಣವೆಂದು ತಿಳಿಯುವುದು ಸುಲಭ. ಅವು ಬ್ರೌನಿಂಗ್ ಎಂ2 ಮಷಿನ್‌ಗನ್‌ನ ಹೊಂದಾಣಿಕೆಯನ್ನು ಪರೀಕ್ಷಿಸುವ ದಪ್ಪದ ಅಳತೆಗಳು: 0.020 ಇಂಚಿನ ಪಟ್ಟಿಯನ್ನು ನಿಗದಿತ ಸಂದಿಯಲ್ಲಿಟ್ಟಾಗ ಗುಂಡನ್ನು ಸಿಡಿಸುವ ಸೂಜಿ (ಫೈರಿಂಗ್ ಪಿನ್) ಮುಂದಕ್ಕೆ ಚಿಮ್ಮಬೇಕು, 0.116 ಇಂಚಿನದನ್ನು ಇಟ್ಟಾಗ ಚಿಮ್ಮಬಾರದು. ಇಲ್ಲಿ ‘ಫೈರ್’ ಎಂದರೆ ಬೆಂಕಿಯಲ್ಲ, ಗುಂಡು ಹಾರಿಸುವುದು.

ಕೊನೆಯದಾಗಿ, ಆದರೆ ಕೈಯಲ್ಲಿ ಹಿಡಿಯುವ ಮುನ್ನವೇ ತಿಳಿದಿರಬೇಕಾದ ಸಂಗತಿ: ಆ ಕಾಲದ ಅನೇಕ ಡಯಲ್‌ಗಳ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚಲಾಗಿತ್ತು. ಇಂದು ಅದು ಹೊಳೆಯುತ್ತಿಲ್ಲವೆಂದರೆ ಅದರಲ್ಲಿನ ಸತುವಿನ ಸಲ್ಫೈಡ್ ಸವೆದಿದೆ ಎಂದಷ್ಟೇ ಅರ್ಥ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ, ಆದ್ದರಿಂದ ವಿಕಿರಣ ಹಾಗೆಯೇ ಉಳಿದಿರುತ್ತದೆ. ಗಾಜು ಒಡೆದಿದ್ದರೆ ಅಥವಾ ಬಣ್ಣ ಪುಡಿಯಾಗಿ ಉದುರಿದ್ದರೆ ಕೈಹಾಕದೆ ಮುಚ್ಚಿಡಿ. ಗಾಜು ಗಟ್ಟಿಯಾಗಿದ್ದರೂ ಒಳಗೇನಿದೆ ಎಂದು ನೋಡಲು ತಿರುಪು ಬಿಚ್ಚಬೇಡಿ. ಗುರುತಿಸಲು ಬೇಕಾದ ಅಂಕಿ, ಮಾನ, ಮುದ್ರೆಗಳೆಲ್ಲವೂ ಹೊರಗಿನಿಂದಲೇ ಕಾಣುತ್ತವೆ.