ಕಮಾನಿನೊಳಗೆ ಇಳಿದ ನೀರು: ರಿಬಲ್‌ಹೆಡ್ ಸೇತುವೆ ಮುಚ್ಚುವ ಹಂತಕ್ಕೆ ಬಂದದ್ದು ಏಕೆ?

ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿ, ಸೆಟಲ್‌ನಿಂದ ಕಾರ್ಲೈಲ್‌ಗೆ ಹೋಗುವ ರೈಲುದಾರಿಯಲ್ಲಿ ಬ್ಯಾಟಿ ಮಾಸ್ ಎಂಬ ಜೌಗು ಬಯಲಿದೆ. ಅದನ್ನು ದಾಟಲು ಮಿಡ್‌ಲ್ಯಾಂಡ್ ರೈಲ್ವೆ ಕಟ್ಟಿಸಿದ್ದು ರಿಬಲ್‌ಹೆಡ್ ಸೇತುವೆ. 24 ಕಮಾನು, ಸುಮಾರು 400 ಮೀಟರ್ ಉದ್ದ, 32 ಮೀಟರ್ ಎತ್ತರ. 1870ರಲ್ಲಿ ಕೆಲಸ ಶುರುವಾಯಿತು. 1875ರಲ್ಲಿ ಸರಕಿನ ಗಾಡಿಗಳು, 1876ರ ಮೇ 1ರಿಂದ ಪ್ರಯಾಣಿಕರ ಗಾಡಿಗಳು ಓಡಿದವು. ಅದಾಗಿ ನೂರು ವರ್ಷ ದಾಟಿದ ಮೇಲೆ, 1980ರ ದಶಕದಲ್ಲಿ, ಈ ಸೇತುವೆಯ ದುರಸ್ತಿಯ ಖರ್ಚನ್ನೇ ಮುಂದಿಟ್ಟು, ಆಗ ರೈಲುಗಳನ್ನು ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಬ್ರಿಟಿಷ್ ರೈಲ್ ಇಡೀ ಮಾರ್ಗವನ್ನು ಮುಚ್ಚಲು ಹೊರಟಿತು.

ಕಟ್ಟಿದವರ ಲೆಕ್ಕ ತಪ್ಪಿತ್ತೇ? ಖಂಡಿತ ಇಲ್ಲ. ಎಂಜಿನಿಯರ್ ಜಾನ್ ಸಿಡ್ನಿ ಕ್ರಾಸ್ಲಿ ಅವರ ವಿನ್ಯಾಸದಲ್ಲಿ ಅಡಿಪಾಯ ಪಾಚಿಗೊಸರು, ಜೇಡಿಮಣ್ಣು ಎರಡನ್ನೂ ಸೀಳಿಕೊಂಡು ಸುಮಾರು 25 ಅಡಿ ಕೆಳಗಿಳಿದು ಬಂಡೆಯ ಮೇಲೆ ಕೂತಿದೆ. ಉಣ್ಣೆಯ ಮೂಟೆಗಳ ಮೇಲೆ ಸೇತುವೆ ನಿಂತಿದೆ ಎಂದು ಆ ಕಡೆಯವರು ಹೇಳುವುದುಂಟು; ಅದು ಬರೀ ಕಥೆ. ಕಂಬಗಳು ಸುಣ್ಣಕಲ್ಲಿನವು, ಕೆಲವು ಕಲ್ಲುಗಳ ತೂಕ 8 ಟನ್. ಕಮಾನಿನ ಹೊಟ್ಟೆಗೆ ಇಟ್ಟಿಗೆ ಬಳಸಿದ್ದಾರೆ, ಸುಮಾರು 15 ಲಕ್ಷ. ಕಲ್ಲನ್ನು ಒಂದೊಂದಾಗಿ ಕೆತ್ತಿ ಬಾಗಿನ ಅಳತೆಗೆ ತರುವುದಕ್ಕಿಂತ ಇಟ್ಟಿಗೆ ಕಟ್ಟುವುದು ಬೇಗ ಆಗುತ್ತದೆ, ಕೆಳಗಿನ ಮರದ ಸೆಂಟ್ರಿಂಗ್ ಮೇಲೆ ಭಾರವೂ ಕಡಿಮೆ.

ಈ ಸೇತುವೆಯಲ್ಲಿ ನಿಂತು ನೋಡಬೇಕಾದ್ದು ಅದರ ದಪ್ಪ ಕಂಬಗಳನ್ನು. ಪ್ರತಿ ಕಮಾನೂ ತನ್ನ ಭಾರವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ದೂಡುತ್ತದೆ. ಎಡದ ಕಮಾನು ಬಲಕ್ಕೆ, ಬಲದ್ದು ಎಡಕ್ಕೆ ದೂಡುವುದರಿಂದ ನಡುವಿನ ಕಂಬ ನೆಟ್ಟಗಿರುತ್ತದೆ. ಹಾಗಾಗಿಯೇ ತಳದಲ್ಲಿ ಸುಮಾರು 13 ಅಡಿ ದಪ್ಪವಿರುವ ಕಂಬ ಮೇಲೆ ಸುಮಾರು 6 ಅಡಿಗೆ ಇಳಿದರೂ ಸಾಕು. ಆದರೆ ಒಂದು ಕಮಾನು ಬಿದ್ದರೆ? ಪಕ್ಕದ ಕಂಬದ ಮೇಲೆ ಒಂದೇ ಕಡೆಯ ದೂಡುವಿಕೆ ಉಳಿಯುತ್ತದೆ, ಅದು ವಾಲುತ್ತದೆ, ಅದರ ಹಿಂದೆಯೇ ಮುಂದಿನದು. ಈ ಸಾಲುಕುಸಿತ ತಡೆಯಲೆಂದು ಪ್ರತಿ ಆರನೆಯ ಕಂಬವನ್ನು ಒಂದೂವರೆ ಪಟ್ಟು ದಪ್ಪ ಮಾಡಿದ್ದಾರೆ. ಒಂದು ಗುಂಪಿನ ಆರು ಕಮಾನು ಹೋದರೂ ಇದು ಒಂಟಿಯಾಗಿ ನಿಲ್ಲಬೇಕು. ದೂರದಿಂದ ಅಲಂಕಾರದಂತೆ ಕಾಣುವ ಈ ತಾಳ ಸುರಕ್ಷತೆಯ ಲೆಕ್ಕದಿಂದಲೇ ಹುಟ್ಟಿದ್ದು.

ಹಾಳು ಮಾಡಿದ್ದು ನೀರು. ಹಳಿಯ ಕೆಳಗಿನ ಜಲ್ಲಿಯಲ್ಲಿ ಇಳಿದ ಮಳೆನೀರು ಕಮಾನಿನ ಬೆನ್ನಿನ ಮೇಲಿರುವ ನೀರುತಡೆ ಪದರಕ್ಕೆ ಬಂದು, ಅಲ್ಲಿಂದ ಕೊಳವೆಗಳ ಮೂಲಕ ಹೊರಗೆ ಹೋಗಬೇಕು. ಪದರ ಬಿರಿದರೆ, ಕೊಳವೆ ಕಟ್ಟಿಕೊಂಡರೆ, ನೀರು ಇಟ್ಟಿಗೆಯ ಸಂದಿಗೂ ಕಂಬದ ಒಳಗಿನ ಚೂರುಕಲ್ಲಿಗೂ ಇಳಿಯುತ್ತದೆ. ಅದು ಗಾರೆಯ ಸುಣ್ಣವನ್ನು ಕರಗಿಸಿ ಹೊರತರುತ್ತದೆ: ಕಮಾನಿನ ಅಡಿಯಲ್ಲಿ ಹಾಲು ಚೆಲ್ಲಿದಂತೆ ಕಾಣುವ ಬಿಳಿ ಗೆರೆಗಳು ಅದರದ್ದೇ. ಚಳಿಗಾಲದಲ್ಲಿ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಉಬ್ಬಿ ಕಲ್ಲಿನ ಮುಖವನ್ನು ಸಿಡಿಸುತ್ತದೆ. ಮೇಲಿನ ಪದರ ಸರಿಮಾಡದೆ ಕೆಳಗೆ ಎಷ್ಟು ತೇಪೆ ಹಾಕಿದರೂ ದಂಡ. ನಮ್ಮ ಸೋರುವ ತಾರಸಿಗೆ ಒಳಗಿನಿಂದ ಬಣ್ಣ ಬಳಿದ ಹಾಗೆ.

1985ರಲ್ಲಿ ಎರಡು ಗಾಡಿಗಳು ಒಟ್ಟಿಗೆ ಸೇತುವೆ ಏರದಂತೆ ಜೋಡಿ ಹಳಿಯನ್ನು ಒಂಟಿ ಮಾಡಿದರು. ದುರಸ್ತಿಗೆ 40 ಲಕ್ಷ ಪೌಂಡಿಗೂ ಮೀರಿದ ಅಂದಾಜು ಕೊಟ್ಟಿದ್ದರು. ಸಾವಿರಾರು ಜನ ಮುಚ್ಚುವುದಕ್ಕೆ ಆಕ್ಷೇಪಣೆ ಸಲ್ಲಿಸಿದರು. 1989ರ ಏಪ್ರಿಲ್ 11ರಂದು ಸರ್ಕಾರ ಮುಚ್ಚುವ ಪ್ರಸ್ತಾವವನ್ನು ತಿರಸ್ಕರಿಸಿತು. ಕೆಲಸ ಮುಗಿದಾಗ ಖರ್ಚು ಬಂದದ್ದು 30 ಲಕ್ಷದ ಆಸುಪಾಸು. ಆ ದೊಡ್ಡ ಅಂಕಿಯನ್ನೇ ಎಲ್ಲರೂ ನಂಬಿ ಸುಮ್ಮನಿದ್ದಿದ್ದರೆ ಇವತ್ತು ಅಲ್ಲಿ ಗಾಡಿ ಓಡುತ್ತಿರಲಿಲ್ಲ.

ಈಗ ಇದು ‘ಗ್ರೇಡ್ II*’ ಸಂರಕ್ಷಿತ ಕಟ್ಟಡ, ಅಂದರೆ ಎರಡನೆಯ ದರ್ಜೆಯಲ್ಲೇ ಹೆಚ್ಚಿನ ಮಹತ್ವದ್ದು. ಕಟ್ಟಿದ ಕಾರ್ಮಿಕರು ಸಂಸಾರ ಸಮೇತ ಬದುಕಿದ್ದ ಗುಡಿಸಲುಗಳ ನೆಲವೂ ಸಂರಕ್ಷಿತ ಸ್ಮಾರಕವಾಗಿದೆ. ಅಪಘಾತ, ಸಿಡುಬುಗಳಲ್ಲಿ ಸತ್ತ ಎಷ್ಟೋ ಮಂದಿಯನ್ನು ಹತ್ತಿರದ ಚಾಪೆಲ್-ಲೆ-ಡೇಲ್‌ನಲ್ಲಿ ಹೂಳಿದ್ದಾರೆ. ಅವರ ನೆಲವನ್ನೂ ಕಾಪಾಡಿದ್ದು ನ್ಯಾಯವೇ.

2020ರಲ್ಲಿ 21 ಲಕ್ಷ ಪೌಂಡಿನ ಇನ್ನೊಂದು ದುರಸ್ತಿ ಆರಂಭವಾಯಿತು: ಸವೆದ ಸಂದುಗಳಿಗೆ ಗಾರೆ ತುಂಬುವುದು, ಬಿರುಕುಬಿಟ್ಟ ಕಲ್ಲು ಬದಲಿಸುವುದು, ನೀರಿನ ಕೊಳವೆ ಸರಿಪಡಿಸುವುದು. ಇಂಥ ಕಟ್ಟಡದ ಸಂದಿಗೆ ಗಟ್ಟಿಯಾಗಲಿ ಎಂದು ಸಿಮೆಂಟ್ ತುಂಬಬಾರದು. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿದ್ದು ತೇವವನ್ನು ಹೊರಬಿಡುತ್ತದೆ, ಸವೆದರೆ ತಾನು ಸವೆಯುತ್ತದೆ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಆಗ ಒಡೆಯುವುದು ಕಲ್ಲು. ಗಾರೆಯನ್ನು ಮತ್ತೆ ತುಂಬಬಹುದು. 150 ವರ್ಷದ ಹಿಂದೆ ಕೈಯಲ್ಲಿ ಕೆತ್ತಿದ ಕಲ್ಲಿನ ಮುಖ ಒಮ್ಮೆ ಉದುರಿದರೆ ಹೋಯಿತು.