ತಕ್ಕಡಿಯ ಮುಖ ಯಾರ ಕಡೆಗೆ?

1978ರ ನವೆಂಬರ್‌ನಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಮರುತಿಂಗಳೇ ಲೋಕಸಭೆ ಅವರನ್ನು ಸದನದಿಂದ ಹೊರಹಾಕಿತು. ಕೆಲವು ದಿನ ತಿಹಾರ್ ಜೈಲನ್ನೂ ಕಂಡರು. 1980ರ ಜನವರಿಯಲ್ಲಿ ಮತ್ತೆ ಪ್ರಧಾನಿಯಾದರು. ಆ ಚುನಾವಣೆಯ ಕಥೆಯನ್ನು ಚಪ್ಪರಿಸಿ ಹೇಳುವ ಹಿರಿಯರು ಈ ಜಿಲ್ಲೆಯಲ್ಲಿ ಇನ್ನೂ ಸಿಗುತ್ತಾರೆ. ಅವರಿಗೆ ಅದು ರಾಜಕೀಯ; ನನಗೆ ಅದರೊಳಗೆ ಒಂದು ವಿಜ್ಞಾನದ ಪ್ರಶ್ನೆ ಕಾಣುತ್ತದೆ. ಆ ಒಂದು ವರ್ಷದ ಆಚೀಚೆ ಇಂದಿರಾ ಅವರ ಬುದ್ಧಿ, ಧೈರ್ಯ, ಹಟ ಯಾವುದೂ ಬದಲಾಗಿರಲಿಲ್ಲ. ಹಾಗಾದರೆ ಬಂದು, ಹೋಗಿ, ಮತ್ತೆ ಬಂದದ್ದು ಏನು? ಹೋದಾಗ ಅದು ಯಾರ ಬಳಿ ಇತ್ತು?

ಅಧಿಕಾರವನ್ನು ಪ್ರಾಣಿಗಳಲ್ಲಿ ಮೊದಲು ಶಿಸ್ತಾಗಿ ಗಮನಿಸಿದವರಲ್ಲಿ ಒಬ್ಬರು ನಾರ್ವೆಯ ಥೋರ್ಲೀಫ್ ಷೆಲ್ಡೆರಪ್-ಎಬ್ಬೆ. 1920ರ ದಶಕದ ಆರಂಭದಲ್ಲಿ ಅವರು ಬರೆದದ್ದು ಕೋಳಿಗಳ ಬಗ್ಗೆ. ಒಂದು ಹೇಂಟೆ ಉಳಿದೆಲ್ಲವನ್ನೂ ಕುಕ್ಕುತ್ತದೆ, ಎರಡನೆಯದು ಮೊದಲನೆಯದನ್ನು ಬಿಟ್ಟು ಮಿಕ್ಕವನ್ನು ಕುಕ್ಕುತ್ತದೆ, ಕಟ್ಟಕಡೆಯದು ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಹಿತ್ತಲಲ್ಲಿ ಕೋಳಿ ಸಾಕಿದ ಯಾವ ಅಜ್ಜಿಗೂ ಇದು ಹೊಸ ಸುದ್ದಿಯಲ್ಲ. ಆದರೆ ವಿಜ್ಞಾನದಲ್ಲಿ ಆ ಚಿತ್ರ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಅಧಿಕಾರವೆಂದರೆ ಕೊಕ್ಕಿನ ಬಲ, ಅದನ್ನು ತಿಳಿಯಬೇಕಾದರೆ ಮೇಲಿನ ಕೋಳಿಯನ್ನು ನೋಡಬೇಕು ಎಂಬುದು ಬಹುಕಾಲ ಯಾರೂ ಕೆದಕದ ನಂಬಿಕೆಯಾಗಿ ಉಳಿಯಿತು.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಜನರಿಗೆ ಈ ಚಿತ್ರಕ್ಕೆ ಹೊಂದದ ಉದಾಹರಣೆ ತಮ್ಮ ತೋಟದೊಳಗೇ ಸಿಗುತ್ತದೆ. ಇಲ್ಲಿ ಕಾಡಾನೆ ಹಿಂಡುಗಳನ್ನು ಗುರುತಿಸುವುದೇ ಹೆಣ್ಣಾನೆಯ ಹೆಸರಿನಿಂದ: ಬೀಟಮ್ಮನ ಗುಂಪು, ಭುವನೇಶ್ವರಿಯ ಗುಂಪು. ಹಿಂಡು ಎತ್ತ ಸಾಗುತ್ತಿದೆ ಎಂದು ತಿಳಿಯಲು ಅರಣ್ಯ ಇಲಾಖೆ ಎಲ್ಲ ಆನೆಗಳಿಗೂ ರೇಡಿಯೋ ಕಾಲರ್ ಹಾಕುವುದಿಲ್ಲ. ಒಂದು ದೊಡ್ಡ ಹೆಣ್ಣಾನೆಯ ಕೊರಳಿಗೆ ಹಾಕಿದರೆ ಸಾಕು, ಉಳಿದವು ಅದರ ಹಿಂದೆಯೇ ಇರುತ್ತವೆ. ಇಂಥ ತೋಟದ ಹತ್ತಿರ ಆನೆಗಳಿವೆ, ಕೆಲಸದವರನ್ನು ಕಳುಹಿಸಬೇಡಿ ಎಂಬ ಸಂದೇಶ ಬೆಳಿಗ್ಗೆ ಮೊಬೈಲಿಗೆ ಬರುವುದು ಈ ಲೆಕ್ಕಾಚಾರದ ಮೇಲೆಯೇ.

ಉಳಿದವು ಅದರ ಹಿಂದೆ ಏಕೆ ಹೋಗುತ್ತವೆ? ಕೀನ್ಯಾದ ಅಂಬೋಸೆಲಿಯಲ್ಲಿ ಕ್ಯಾರೆನ್ ಮೆಕ್‌ಕೂಂಬ್ ಮತ್ತು ಸಂಗಡಿಗರು ಆನೆ ಕುಟುಂಬಗಳಿಗೆ ಸಿಂಹದ ಗರ್ಜನೆಯ ಧ್ವನಿಮುದ್ರಣ ಕೇಳಿಸಿದರು. ಕೆಲವು ಗಂಡು ಸಿಂಹದ್ದು, ಕೆಲವು ಹೆಣ್ಣಿನದು. ಅಲ್ಲಿ ಆನೆಮರಿಗೆ ಹೆಚ್ಚು ಅಪಾಯ ಗಂಡಿನಿಂದ, ಏಕೆಂದರೆ ಅದು ಒಂಟಿಯಾಗಿಯೇ ಮರಿಯನ್ನು ಕೆಡವಬಲ್ಲದು. 60 ದಾಟಿದ ಹಿರಿಯ ಹೆಣ್ಣಾನೆ ಮುಂದಾಳಾಗಿದ್ದ ಕುಟುಂಬಗಳು ಗಂಡಿನ ಗರ್ಜನೆಯನ್ನು ಚೆನ್ನಾಗಿ ಬೇರ್ಪಡಿಸಿ, ಒತ್ತಾಗಿ ಗುಂಪುಗೂಡಿ ಮರಿಗಳಿಗೆ ಕಾವಲು ನಿಂತವು. ಕಿರಿಯ ಮುಂದಾಳುಗಳ ಕುಟುಂಬಗಳು ಆ ವ್ಯತ್ಯಾಸ ಹಿಡಿಯುವುದರಲ್ಲಿ ಹಿಂದೆ ಬಿದ್ದವು. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ಹಿರಿಯಾನೆಯ ಮಾತು ನಡೆಯುವುದು ಅದು ಕುಕ್ಕುತ್ತದೆ ಎಂದಲ್ಲ, ಅದಕ್ಕೆ ಗೊತ್ತಿದೆ ಎಂದು. ಆಫ್ರಿಕಾದ ಆನೆಯ ಕಥೆಯನ್ನು ಹಾಗೆಯೇ ಎತ್ತಿ ನಮ್ಮ ಆನೆಗೆ ಅಂಟಿಸುವಂತಿಲ್ಲ, ನಿಜ. ಶ್ರೀಲಂಕಾದ ಉಡ ವಲವೆಯಲ್ಲಿ ನೋಡಿದವರ ಪ್ರಕಾರ ಏಷ್ಯಾದ ಹೆಣ್ಣಾನೆಗಳಲ್ಲಿ ಮೇಲು-ಕೆಳಗಿನ ಸರದಿ ಇನ್ನಷ್ಟು ಸಡಿಲ. ಅಂದರೆ ನಮ್ಮ ಆನೆಗಳು ಕೋಳಿಗಳಿಂದ ಇನ್ನೂ ದೂರ.

ಮನುಷ್ಯರಲ್ಲಿ ಈ ಎರಡೂ ದಾರಿಗಳಿವೆ ಎಂದು ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ 2001ರಲ್ಲಿ ವಾದಿಸಿದರು: ಹೆದರಿಸಿ ಮೇಲೇರುವುದು ಒಂದು, ಕಲಿಯಲು ಯೋಗ್ಯರೆಂದು ಜನ ತಾವಾಗಿ ಮೇಲೇರಿಸುವುದು ಇನ್ನೊಂದು. ಮೊದಲನೆಯವರನ್ನು ಕಂಡರೆ ಜನ ಕಣ್ಣು ತಪ್ಪಿಸುತ್ತಾರೆ, ಎರಡನೆಯವರ ಹತ್ತಿರ ಹೋಗಿ ಕೂರುತ್ತಾರೆ. ಆದರೆ ನಮ್ಮಲ್ಲಿ ಮಾತ್ರ ಕಾಣುವ ಮೂರನೆಯ ದಾರಿಯೂ ಇದೆ. ಅಲ್ಲಿ ಬಲವೂ ಬೇಡ, ತಿಳಿವಳಿಕೆಯೂ ಬೇಡ. ಕುರ್ಚಿ ಸಾಕು.

ಕುರ್ಚಿಯ ಪ್ರಯೋಗವನ್ನು ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಶುರುಮಾಡಿದರು. ಬೂದು ಬಣ್ಣದ ಕೋಟು ತೊಟ್ಟವನೊಬ್ಬ ‘ಮುಂದುವರಿಸಿ’ ಎನ್ನುತ್ತಾನೆ. ಗೋಡೆಯಾಚೆ ಚೀರುವ ಅಪರಿಚಿತನಿಗೆ ಸಾಮಾನ್ಯ ನಾಗರಿಕನೊಬ್ಬ ಹೆಚ್ಚುಹೆಚ್ಚು ವಿದ್ಯುತ್ ಆಘಾತ ಕೊಡುತ್ತಾ ಹೋಗಬೇಕು. ಆಘಾತ ಸುಳ್ಳು, ಚೀರಾಟ ನಟನೆ. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು. ಮನುಷ್ಯ ಎಷ್ಟು ಸುಲಭವಾಗಿ ವಿಧೇಯನಾಗುತ್ತಾನೆ ನೋಡಿ ಎಂದು ಈ ಒಂದು ಅಂಕಿಯನ್ನೇ ಎಲ್ಲರೂ ಉಲ್ಲೇಖಿಸುತ್ತಾರೆ. ಭಾಗವಹಿಸಿದವರಲ್ಲಿ ಹಲವರಿಗೆ ಆಘಾತ ನಿಜವೇ ಎಂಬ ಅನುಮಾನವಿತ್ತು ಎಂಬುದು ದಾಖಲೆಗಳಿಂದ ಆಮೇಲೆ ಹೊರಬಂತು. ಆದ್ದರಿಂದ ಆ ಅಂಕಿಯನ್ನು ಸ್ವಲ್ಪ ಕೈ ಬಿಗಿಹಿಡಿದೇ ಬಳಸಬೇಕು. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಪ್ರಯೋಗದ ಬೇರೆ ರೂಪಗಳು. ಕೋಟಿನವನು ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಅಪ್ಪಣೆ ಕೊಟ್ಟಾಗ ಕೊನೆಯವರೆಗೆ ಹೋದವರು ಐವರಲ್ಲಿ ಒಬ್ಬರಷ್ಟೇ. ಜೊತೆಗಿದ್ದ ಇಬ್ಬರು ‘ನಮ್ಮಿಂದಾಗದು’ ಎಂದು ಎದ್ದಾಗ, 40ರಲ್ಲಿ ನಾಲ್ವರು ಮಾತ್ರ. ಕೋಟು ಅದೇ, ಕುರ್ಚಿ ಅದೇ, ವಿಶ್ವವಿದ್ಯಾಲಯವೂ ಅದೇ. ಪಕ್ಕದವನು ಒಪ್ಪದಿದ್ದಾಗ ಅಧಿಕಾರ ಅಲ್ಲೇ ಬಸಿದುಹೋಯಿತು. 1978ರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಅದು ಒಪ್ಪುವವರ ಬಳಿ ಇತ್ತು.

ಉಳಿದರ್ಧ, ಒಪ್ಪುವವರ ಮೈಗೆ ಸಂಬಂಧಿಸಿದ್ದು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನ 1967ರಲ್ಲಿ ಆರಂಭವಾಯಿತು. ಸುಮಾರು 18,000 ಗಂಡಸರು. ದೊಡ್ಡ ಸಾಹೇಬರಿಗೆ ಹೊಣೆ ಹೆಚ್ಚು, ಅವರಿಗೇ ಹೃದಯಾಘಾತ ಹೆಚ್ಚು ಎಂಬುದು ಆಗಿನ ಊಹೆ. ಕಂಡದ್ದು ತದ್ವಿರುದ್ಧ. ಅತಿ ಕೆಳದರ್ಜೆಯವರ ಸಾವಿನ ಪ್ರಮಾಣ ಅತಿ ಮೇಲ್ದರ್ಜೆಯವರದಕ್ಕಿಂತ ಸುಮಾರು ಮೂರು ಪಟ್ಟು. ಬೀಡಿ-ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸದ ದೊಡ್ಡ ಪಾಲಿಗೆ ಕಾರಣ ಸಿಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೇ ಸುತ್ತು ಹೊರಟಾಗ ಮೈಕೆಲ್ ಮಾರ್ಮಟ್ ತಂಡ ಇನ್ನೊಂದು ಪ್ರಶ್ನೆ ಸೇರಿಸಿತು: ನಿಮ್ಮ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬುದರಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ? ಕಡಿಮೆ ನಡೆಯುತ್ತದೆ ಎಂದವರಲ್ಲಿ ಮುಂದೆ ಹೃದ್ರೋಗ ಹೆಚ್ಚು ಕಾಣಿಸಿತು. ಒತ್ತಡ ಎದುರಾದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರುವುದು ದೇಹದ ಜಾಣ್ಮೆ. ಕೆಲಸ ಮುಗಿದ ಮೇಲೂ ಅದು ಸರಿಯಾಗಿ ಇಳಿಯದೆ, ದಿನದಿಂದ ದಿನಕ್ಕೆ ರಕ್ತನಾಳ, ಸಕ್ಕರೆಯ ನಿಯಂತ್ರಣ, ನಿದ್ರೆಯನ್ನು ಕೆಡಿಸುತ್ತಾ ಹೋಗುವುದು ತೊಂದರೆ.

ಲಂಡನ್ನಿನ ಗುಮಾಸ್ತನನ್ನೂ ನಮ್ಮ ಕಾಫಿ ತೋಟದ ಹೆಣ್ಣಾಳನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ. ಗುಮಾಸ್ತನಿಗೆ ತಿಂಗಳ ಸಂಬಳ, ಪಿಂಚಣಿ ಇದ್ದವು. ಬಡತನವೇ ಒಂದು ಬೇರೆ ರೋಗ. ಆದರೂ ‘ಮಾತು ಎಷ್ಟು ನಡೆಯುತ್ತದೆ’ ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಕೊಯ್ಲಿನ ಕಾಲದ ಸಂಜೆ ಯಾವುದಾದರೂ ತೋಟದ ಕಣದ ಹತ್ತಿರ ನಿಲ್ಲಬೇಕು. ಸಾಹುಕಾರರು, ಅವರ ಕೆಳಗೆ ಲೆಕ್ಕ ಬರೆಯುವ ರೈಟರ್, ಅವರ ಕೆಳಗೆ ಮೇಸ್ತ್ರಿ, ಆಮೇಲೆ ಕೊಯ್ಯುವವರು. ಕೂಲಿ ಕಿಲೋ ಲೆಕ್ಕದಲ್ಲಿದ್ದಾಗ ಇಡೀ ದಿನದ ದುಡಿಮೆ ನಿರ್ಧಾರವಾಗುವುದು ತೂಕದ ಆ ಅರೆ ನಿಮಿಷದಲ್ಲಿ. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ನಾನು ನೋಡಿದ ಹಾಗೆ, ಅಂಕಿ ಮಿನುಗುವ ತಕ್ಕಡಿಯ ಮುಖ ರೈಟರ್ ಕಡೆಗಿತ್ತು. ಹೆಂಗಸರು ಚೀಲ ಎತ್ತಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ರೈಟರ್ ಅಂಕಿ ನೋಡಿ, ಚೀಲದ ತೂಕವೆಂದೋ ಎಲೆ-ಕಡ್ಡಿಯೆಂದೋ ಏನನ್ನೋ ಕಳೆದು, ಉಳಿದದ್ದನ್ನು ಕೂಗಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಎಷ್ಟು ಕಳೆದರು ಎಂದು ಯಾರೂ ಕೇಳಲಿಲ್ಲ. ಮೋಸವೇನೂ ನಡೆದಿರಲಿಕ್ಕಿಲ್ಲ. ಇನ್ನೊಂದು ತೋಟದಲ್ಲಿ ತಕ್ಕಡಿಯನ್ನು ಇಬ್ಬರಿಗೂ ಕಾಣುವಂತೆ ಅಡ್ಡಲಾಗಿ ಇಟ್ಟಿದ್ದರು. ಅಲ್ಲಿ ಒಬ್ಬಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ‘ರೈಟರೇ, ಮೂವತ್ತಾರು ಇದೆಯಲ್ಲ, ಮೂವತ್ತನಾಲ್ಕು ಅಂತ ಬರೆದಿರಿ’ ಎಂದರು. ರೈಟರ್ ಚೀಲದ ಲೆಕ್ಕ ಹೇಳಿದರು. ‘ಒದ್ದೆ ಚೀಲಕ್ಕೂ ಎರಡು ಕಿಲೋ ಆಗುವುದಿಲ್ಲ’ ಎಂದು ಆಕೆ ಬಿಡಲಿಲ್ಲ. ಒಂದು ಕಿಲೋಗೆ ಇತ್ಯರ್ಥವಾಯಿತು. ಆಕೆಗೆ ಯಾರೂ ಆತ್ಮವಿಶ್ವಾಸದ ತರಬೇತಿ ಕೊಟ್ಟಿರಲಿಲ್ಲ. ಅಂಕಿ ಕಾಣುತ್ತಿತ್ತು, ಅಷ್ಟೇ.

ಈ ‘ಅಷ್ಟೇ’ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಐವತ್ತು ವರ್ಷಗಳ ಒಂದು ಸಂಶೋಧನೆಯ ಕಥೆಯಿದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಇಂದು ಓದಿದರೆ ಹೊಟ್ಟೆ ಕಿವುಚುವಂಥದ್ದು. ಕೆಲವು ನಾಯಿಗಳು ಹಲಗೆಯೊಂದನ್ನು ಒತ್ತಿ ಆಘಾತವನ್ನು ನಿಲ್ಲಿಸಬಹುದಿತ್ತು. ಪಕ್ಕದ ಗುಂಪಿಗೆ ಅಷ್ಟೇ ಹೊತ್ತು, ಅಷ್ಟೇ ಆಘಾತ. ಆದರೆ ಅವು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮರುದಿನ, ಹಾರಿ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲ ಗುಂಪು ಹಾರಿತು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಮಲಗಿ ಕುಂಯ್‌ಗುಟ್ಟಿದವು. ಪ್ರಾಣಿ ಅಸಹಾಯಕತೆಯನ್ನು ಕಲಿತುಬಿಡುತ್ತದೆ ಎಂದು ಅವರು ವಿವರಿಸಿದರು. ಮನಶ್ಶಾಸ್ತ್ರದ ಪಠ್ಯಗಳಲ್ಲಿ ಈ ಮಾತು ದಶಕಗಟ್ಟಲೆ ನಿಂತಿತು.

2016ರಲ್ಲಿ ಅದೇ ಇಬ್ಬರು ಸೇರಿ ಬರೆದು, ನಾವು ಹೇಳಿದ್ದು ತಿರುವುಮುರುವಾಗಿತ್ತು ಎಂದರು. ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆಯ ಕೆಲಸ ಕಡಿಮೆ. ಮೇಯರ್ ಈ ನಡುವೆ ಇಲಿಗಳ ಮಿದುಳಿನೊಳಗೆ ಇಳಿದಿದ್ದರು. ಕಷ್ಟ ಬಹಳ ಹೊತ್ತು ಮುಂದುವರಿದರೆ ಮಿದುಳುಕಾಂಡದ ಡಾರ್ಸಲ್ ರಾಫೆ ಎಂಬ ಭಾಗದಲ್ಲಿ ಸೆರಟೋನಿನ್ ಎಂಬ ರಾಸಾಯನಿಕ ಸೂಸುವ ನರಕೋಶಗಳು ಉದ್ರಿಕ್ತವಾಗಿ, ಪ್ರಾಣಿ ಮುದುಡಿಕೊಳ್ಳುತ್ತದೆ. ಇದನ್ನು ಯಾರೂ ಕಲಿಯಬೇಕಾಗಿಲ್ಲ, ಹುಟ್ಟಿನಿಂದಲೇ ಬಂದದ್ದು. ಆದರೆ ಚಕ್ರ ತಿರುಗಿಸಿದರೆ ಆಘಾತ ನಿಲ್ಲುತ್ತದೆ ಎಂದು ಕಂಡುಕೊಂಡ ಇಲಿಯಲ್ಲಿ, ಹಣೆಯ ಹಿಂದಿನ ಮಿದುಳಿನ ಒಂದು ಭಾಗ ‘ಇದು ನನ್ನ ಹಿಡಿತದಲ್ಲಿದೆ’ ಎಂಬುದನ್ನು ಗುರುತಿಸಿ ಆ ನರಕೋಶಗಳನ್ನು ಅದುಮುತ್ತದೆ. ಮುಂದೆ ಬೇರೆ ಜಾಗದಲ್ಲಿ, ಬೇರೆ ಕಷ್ಟ ಬಂದಾಗಲೂ ಆ ಅದುಮುವಿಕೆ ಕೆಲಸಕ್ಕೆ ಬರುತ್ತದೆ. ಅಂದರೆ ಕಲಿಯಬೇಕಾದದ್ದು ಹಿಡಿತವನ್ನು, ಮತ್ತು ಅದನ್ನು ಕಲಿಯಲು ನಿಜವಾಗಿ ತಿರುಗುವ ಒಂದು ಚಕ್ರ ಇರಲೇಬೇಕು.

ಸಬಲೀಕರಣದ ಶಿಬಿರಗಳ ಬಗ್ಗೆ ನನ್ನ ಗುಮಾನಿ ಇಲ್ಲಿಂದ ಶುರುವಾಗುತ್ತದೆ. ಕೈಕಾಲು ಚಾಚಿ, ಗತ್ತಿನ ಭಂಗಿಯಲ್ಲಿ ಎರಡು ನಿಮಿಷ ಇದ್ದರೆ ಹಾರ್ಮೋನುಗಳೇ ಬದಲಾಗುತ್ತವೆ ಎಂದು 2010ರಲ್ಲಿ 42 ಜನರ ಮೇಲಿನ ಅಧ್ಯಯನವೊಂದು ಹೇಳಿತ್ತು. 2015ರಲ್ಲಿ 200 ಜನರ ಮೇಲೆ ಪರೀಕ್ಷಿಸಿದಾಗ ಹಾರ್ಮೋನು ಕದಲಲಿಲ್ಲ. ಮರುವರ್ಷ ಮೂಲ ಲೇಖಕರಲ್ಲಿ ಮೊದಲಿಗರಾದ ಡಾನಾ ಕಾರ್ನೀ ಅವರೇ ಆ ಪರಿಣಾಮದಲ್ಲಿ ತಮಗೆ ನಂಬಿಕೆಯಿಲ್ಲವೆಂದು ಪ್ರಕಟಿಸಿದರು. ಸ್ವಸಹಾಯ ಸಂಘದವರನ್ನು ಸಾಲಾಗಿ ನಿಲ್ಲಿಸಿ ‘ನನ್ನಿಂದ ಸಾಧ್ಯ’ ಎಂದು ಕೂಗಿಸುವುದರಿಂದ ಕೆಡುಕೇನಿಲ್ಲ. ಮಧ್ಯಾಹ್ನದ ಊಟ ಚೆನ್ನಾಗಿದ್ದರೆ ಒಳ್ಳೆಯದೇ. ಚಕ್ರ ಮಾತ್ರ ಅಲ್ಲಿರುವುದಿಲ್ಲ.

ಹಳ್ಳಿಗಳಲ್ಲಿ ಅದು ಇರುವುದು ಪಂಚಾಯಿತಿ ಕಚೇರಿಯಲ್ಲಿ. ಕರ್ನಾಟಕದಲ್ಲಿ ಹೆಂಗಸರ ಮೀಸಲಾತಿ ಸಂವಿಧಾನದ 73ನೇ ತಿದ್ದುಪಡಿಗಿಂತ ಮೊದಲೇ, 1983ರ ಕಾಯ್ದೆಯಿಂದ ಶೇಕಡಾ 25ರಷ್ಟು ಬಂತು. 2010ರಿಂದ ಅರ್ಧದಷ್ಟು ಸ್ಥಾನ. ಹಣ ಪಾವತಿಗೆ ಅಧ್ಯಕ್ಷರ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಡಿಜಿಟಲ್ ಸಹಿ ಬೇಕು. ಸಹಿಯ ಡಾಂಗಲ್ ಎಂದರೆ ಕಂಪ್ಯೂಟರಿಗೆ ಸಿಕ್ಕಿಸುವ, ಹೆಬ್ಬೆರಳಿನಷ್ಟು ದೊಡ್ಡ ವಸ್ತು. ಅಧ್ಯಕ್ಷೆ ಎಷ್ಟರಮಟ್ಟಿಗೆ ಅಧ್ಯಕ್ಷೆ ಎಂದು ತಿಳಿಯಲು ಭಾಷಣ ಕೇಳಬೇಕಿಲ್ಲ, ಆ ಡಾಂಗಲ್ ಆಕೆಯ ವ್ಯಾನಿಟಿ ಬ್ಯಾಗಿನಲ್ಲಿದೆಯೋ, ಗಂಡನ ಜೇಬಿನಲ್ಲಿದೆಯೋ, ಕಂಪ್ಯೂಟರ್ ಆಪರೇಟರ್ ಮೇಜಿನ ಡ್ರಾಯರಿನಲ್ಲಿದೆಯೋ ಎಂದು ನೋಡಿದರೆ ಸಾಕು. ಗಂಡನ ಜೇಬಿನಲ್ಲಿದ್ದರೆ ಮೀಸಲಾತಿಯೇ ದಂಡ ಎನ್ನುವವರು ನಮ್ಮಲ್ಲಿ ಬಹಳ. ಅವರು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಕೆಲಸವನ್ನು ನೋಡಬೇಕು. ಅಲ್ಲಿ ಪ್ರಧಾನರ, ಅಂದರೆ ಪಂಚಾಯಿತಿ ಅಧ್ಯಕ್ಷರ, ಸ್ಥಾನ ಯಾವ ಪಂಚಾಯಿತಿಯಲ್ಲಿ ಹೆಂಗಸಿಗೆ ಎಂಬುದು ಯಾದೃಚ್ಛಿಕವಾಗಿ ನಿಗದಿಯಾಗುತ್ತಿದ್ದರಿಂದ ಅದು ತಾನಾಗಿ ಒಂದು ಪ್ರಯೋಗವಾಗಿತ್ತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ತೋರಿಸಿದಂತೆ, ಹೆಂಗಸು ಪ್ರಧಾನಳಾದಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಯಿತು, ಊರಿನ ಹೆಂಗಸರು ಪಂಚಾಯಿತಿಗೆ ಬಂದು ಕೇಳುವುದೂ ಹೆಚ್ಚಾಯಿತು.

2012ರಲ್ಲಿ ಲೋರಿ ಬೀಮನ್, ಡುಫ್ಲೋ ಮತ್ತಿತರರು ಅದೇ ಜಿಲ್ಲೆಯ 495 ಹಳ್ಳಿಗಳಿಂದ ಇನ್ನೊಂದು ಫಲಿತಾಂಶ ತಂದರು. ಮಕ್ಕಳ ಭವಿಷ್ಯದ ಬಗ್ಗೆ ತಂದೆತಾಯಂದಿರು ಗಂಡಿಗೂ ಹೆಣ್ಣಿಗೂ ಇಡುವ ಆಸೆಯ ಅಂತರ ಶೇಕಡಾ 25ರಷ್ಟು, ಹದಿಹರೆಯದವರು ತಮಗೇ ಇಟ್ಟುಕೊಳ್ಳುವ ಆಸೆಯ ಅಂತರ ಶೇಕಡಾ 32ರಷ್ಟು ತಗ್ಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕಳೆಯುವ ಹೊತ್ತೂ ಇಳಿದಿತ್ತು. ಆದರೆ ಇದು ಕಂಡದ್ದು ಎರಡು ಅವಧಿಗಳಲ್ಲಿ ಹೆಂಗಸಿಗೆ ಮೀಸಲಾಗಿದ್ದ ಪಂಚಾಯಿತಿಗಳಲ್ಲಿ. ಅಲ್ಲಿ ಒಂದು ಅವಧಿ ಎಂದರೆ ಐದು ವರ್ಷ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಅಷ್ಟರೊಳಗೆ ಡಾಂಗಲ್ ಗಂಡನ ಜೇಬಿನಿಂದ ವ್ಯಾನಿಟಿ ಬ್ಯಾಗಿಗೆ ಬಂದರೂ, ಮುಂದಿನ ಸರದಿಗೆ ಸ್ಥಾನ ಬೇರೆ ವರ್ಗಕ್ಕೆ ಹೋಗಿರುತ್ತದೆ.